ಮೊಗಸಾಲೆಯ ರಾಜಕಾರಣ

(ಶಿಕ್ಷಕರೂ ಪುರಜನರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕಾಯಿದೆಗಳು ಶಾಸನಸಭೆಯಲ್ಲಿ ಹುಟ್ಟುವವೆಂದು ನಾವು ಶಾಲೆಯಲ್ಲಿ ಹುಡುಗರಿಗೆ ಕಲಿಸುತ್ತೇವೆ. ಮಸೂದೆ ಮಂಡಿತವಾಗುವದು, ಚರ್ಚೆಯಾಗುವದು, ಕೈಯೆತ್ತುವದು, ಅಂಕಿತ ಬೀಳುವದು. ಇಷ್ಟನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಪೂರ್ಣ ಅಂಕಗಳು ದೊರೆಯುವವು. ಆದರೆ ಮಸೂದೆಯು ಮಂಡಿತವಾಗುವ ಮೊದಲು ಅದು ಯಾರ ಮನೆಯಲ್ಲಿ ಬೆಳೆಯಿತು, ಯಾರು ಅದಕ್ಕೆ ಹಾಲೆರೆದರು ಎಂಬ ಪ್ರಶ್ನೆಯು ಪಠ್ಯಪುಸ್ತಕದಲ್ಲಿಲ್ಲ. ಇಂದು ನಾವು ಆ ಪ್ರಶ್ನೆಯನ್ನೇ ತಮ್ಮ ಮುಂದಿಡಬಯಸಿದ್ದೇವೆ.

ಸಭಾಗೃಹದ ಹೊರಗಿನ ಪಡಸಾಲೆಗೆ ಇಂಗ್ಲಿಷರು ‘ಲಾಬಿ’ ಎನ್ನುವರು. ಸದಸ್ಯನಲ್ಲದವನು ಒಳಗೆ ಹೋಗಲಾರನು. ಪಡಸಾಲೆಯಲ್ಲಿ ನಿಂತು, ಹೊರಬಂದ ಸದಸ್ಯನ ಕಿವಿಯಲ್ಲಿ ತನ್ನ ಮಾತನ್ನು ಹಾಕಬಲ್ಲನು. ಈ ಕೆಲಸಕ್ಕೂ ಅದೇ ಹೆಸರು ಅಂಟಿಕೊಂಡಿತು. ನಾವು ಅದನ್ನು ಮೊಗಸಾಲೆಯೆನ್ನೋಣ. ನಮ್ಮ ಮನೆಗಳಲ್ಲಿಯೂ ಮೊಗಸಾಲೆಯಲ್ಲಿ ಕುಳಿತ ನೆಂಟನು ಮನೆಯ ಯಜಮಾನನಲ್ಲ. ಆದರೂ ಹೆಣ್ಣು ಕೊಡುವ, ಹೊಲ ಕೊಳ್ಳುವ ಮಾತುಗಳು ಅಲ್ಲಿಯೇ ತೀರ್ಮಾನವಾಗಿ, ಒಳಮನೆಗೆ ಕೇವಲ ಒಪ್ಪಿಗೆಗಾಗಿ ಹೋಗುವದುಂಟು.

ಇದನ್ನು ಲಂಚವೆಂದು ತಿಳಿಯಲಾಗದು. ಲಂಚವು ಅಪರಾಧ, ಅದಕ್ಕೆ ದಂಡಸಂಹಿತೆಯುಂಟು. ತನ್ನ ಕಷ್ಟವನ್ನು ಅರಸನಿಗೆ ಅರಿಕೆ ಮಾಡಿಕೊಳ್ಳುವದು ಪ್ರಜೆಯ ಹಕ್ಕು. ಮೊಗಸಾಲೆಯ ರಾಜಕಾರಣವು ಈ ಹಕ್ಕಿನ ನೆರಳಿನಲ್ಲಿಯೇ ಬೆಳೆದಿರುವದರಿಂದ ಅದನ್ನು ಹಿಡಿಯುವದು ಕಠಿಣ. ಆದಕಾರಣ ಪೊಳ್ಳು ಸಿದ್ಧಾಂತವನ್ನು ಹೇಳದೆ ಒಂದು ನಿಜವಾದ ಪ್ರಸಂಗವನ್ನೆತ್ತಿಕೊಂಡು, ಅದರ ಹೆಜ್ಜೆಗಳನ್ನು ಎಣಿಸುವದು ನಮಗೆ ಲೇಸೆಂದು ತೋರಿತು. ನಾವು ಆರಿಸಿಕೊಂಡದ್ದು ಮ್ಯಾಂಚೆಸ್ಟರಿನ ಅರಿವೆಯ ವ್ಯಾಪಾರಿಗಳ ಪ್ರಸಂಗ. ಅವರು ಗುಟ್ಟಾಗಿ ಏನನ್ನೂ ಮಾಡಲಿಲ್ಲ; ಅವರ ಅರ್ಜಿಗಳೂ ಅವಕ್ಕೆ ಬಂದ ಉತ್ತರಗಳೂ ಪಾರ್ಲಿಮೆಂಟಿನ ಕಡತಗಳಲ್ಲಿ ಅಚ್ಚಾಗಿವೆ. ಎರಡನೆಯದಾಗಿ, ಕನ್ನಡನಾಡಿನ ನಕಾಶೆಯ ಮೇಲೆ ಒಂದು ಗೆರೆಯನ್ನೆಳೆದ ಕೈಗಳಲ್ಲಿ ಅವರ ಕೈಯೂ ಒಂದು.

ಲ್ಯಾಂಕಶಾಯರದ ಗಿರಣಿಗಳಿಗೆ ಹತ್ತಿಯ ಬಹುಭಾಗವು ಅಮೇರಿಕೆಯಿಂದ ಬರುತ್ತಿದ್ದಿತು. ಒಂದೇ ಬಾವಿಯ ನೀರನ್ನು ನಂಬಿದವನ ಹೆದರಿಕೆ ಅವರಿಗೆ ಹಳೆಯದು. ೧೮೪೦ರಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯು ಅಮೇರಿಕನ್ ಬೇಸಾಯಗಾರರನ್ನು ಹಿಂದುಸ್ಥಾನಕ್ಕೆ ಕರೆಯಿಸಿತು. ಉಳಿದೆಡೆಗಳಲ್ಲಿ ಅವರ ಬೀಜವು ಬಹುಮಟ್ಟಿಗೆ ಸೋತರೂ ಧಾರವಾಡದ ಎರೆಯ ನೆಲದಲ್ಲಿ ಬೇರೂರಿತು. ‘ಧಾರವಾಡ-ಅಮೇರಿಕನ್’ ಎಂಬ ಹೆಸರು ಪೇಟೆಯಲ್ಲಿ ನಿಂತಿತು. ೧೮೪೮ರಲ್ಲಿ ಜಾನ್ ಬ್ರೈಟ್ ಅವರ ಅಧ್ಯಕ್ಷತೆಯಲ್ಲಿ ಹಿಂದುಸ್ಥಾನದ ಹತ್ತಿಯ ಬಗ್ಗೆ ಪಾರ್ಲಿಮೆಂಟಿನ ಸಮಿತಿಯೊಂದು ಕುಳಿತು ಸಾಕ್ಷಿ ಕೇಳಿತು. ೧೮೫೭ರಲ್ಲಿ ಮ್ಯಾಂಚೆಸ್ಟರಿನವರು ಹತ್ತಿಯ ಸರಬರಾಯಿಗಾಗಿಯೇ ಒಂದು ಸಂಘವನ್ನು ಕಟ್ಟಿದರು. ೧೮೬೦ರಲ್ಲಿ ಒಂದು ಕಂಪನಿಯನ್ನೂ ಕಟ್ಟಿದರು. ಮರುವರ್ಷ ಅಮೇರಿಕೆಯಲ್ಲಿ ಅಂತರ್ಯುದ್ಧವು ತಲೆದೋರಿ ದಕ್ಷಿಣದ ಬಂದರಗಳು ಮುಚ್ಚಿದವು. ಲ್ಯಾಂಕಶಾಯರದಲ್ಲಿ ಗಿರಣಿಗಳು ನಿಂತವು. ಕೂಲಿಕಾರರು ಉಪವಾಸ ಬಿದ್ದರು. ಇದು ನಿಜವಾದ ಸಂಕಟವೇ ಸರಿ. ಅದನ್ನು ಅಲ್ಲಗಳೆಯುವದು ನಮಗೆ ಶೋಭಿಸದು.

ಇತ್ತ ಧಾರವಾಡದ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಗೆ ಹೋಗಿ, ಅಲ್ಲಿಂದ ಹಡಗದಲ್ಲಿ ಮುಂಬಯಿಗೆ ಹೋಗುತ್ತಿತ್ತು. ಈ ಭಾಗದ ಹತ್ತಿಗೆ ಲಿವರಪೂಲದಲ್ಲಿ ‘ಕುಮಟಾ’ ಎಂಬ ಹೆಸರೇ ಬಿದ್ದಿತ್ತು. ಕುಮಟೆಯಲ್ಲಿ ಹತ್ತಿ ಬೆಳೆಯುವದಿಲ್ಲವೆಂಬ ಸಂಗತಿ ಅಲ್ಲಿಯವರಿಗೆ ಬೇಕಾಗಿರಲಿಲ್ಲ. ಕುಮಟೆಯ ರೇವು ತೆರೆದ ಕಡಲಿನದು. ಕಾರವಾರದ ಕೊಲ್ಲಿಯೋ, ಗುಡ್ಡಗಳ ಮರೆಯಲ್ಲಿ ದೊಡ್ಡ ಹಡಗಗಳು ನಿಲ್ಲಬಲ್ಲಂಥದು. ಕಾರವಾರಕ್ಕೆ ರಸ್ತೆಯಾದರೆ ಹತ್ತಿಯು ಮುಂಬಯಿಯ ದಲ್ಲಾಳಿಗಳ ಕೈದಾಟದೆ ನೆಟ್ಟಗೆ ಇಂಗ್ಲಂಡಕ್ಕೆ ಹೋಗಬಹುದೆಂದು ಮ್ಯಾಂಚೆಸ್ಟರಿನವರು ಲೆಕ್ಕ ಹಾಕಿದರು. ತೊಡಕೊಂದಿತ್ತು. ಘಟ್ಟದ ಮೇಲಿನ ಧಾರವಾಡವು ಮುಂಬಯಿ ಇಲಾಖೆಯದು. ಘಟ್ಟದ ಕೆಳಗಿನ ಕೆನರಾ ಮದ್ರಾಸ ಇಲಾಖೆಯದು. ಒಂದೇ ರಸ್ತೆಗೆ ಇಬ್ಬರು ಯಜಮಾನರು. ಹತ್ತಿಯ ಹೊಲಗಳು ಒಬ್ಬರವು, ರೇವು ಇನ್ನೊಬ್ಬರದು. ರಸ್ತೆಯ ಖರ್ಚನ್ನು ಹೊರಲು ಯಾರಿಗೂ ಆತುರವಿಲ್ಲ. ಮ್ಯಾಂಚೆಸ್ಟರಿನವರು ಸ್ಟೇಟ್ ಸೆಕ್ರೆಟರಿ ಸರ್ ಚಾರ್ಲ್ಸ್ ವುಡ್ ಅವರ ಬಾಗಿಲನ್ನು ಬಡಿದರು. ಕಂಪನಿಯ ಕಾರ್ಯದರ್ಶಿಯಾದ ಹೇವುಡನು ತಾನೇ ಹಿಂದುಸ್ಥಾನಕ್ಕೆ ಬಂದನು. ಯಂತ್ರಗಳು ಸದಾಶಿವಗಡಕ್ಕೆ ಬಂದರೂ ರಸ್ತೆ ಸಿದ್ಧವಾಗಿರಲಿಲ್ಲ. ಗದ್ದಲವೆದ್ದಿತು. ೧೮೬೨ರಲ್ಲಿ ಉತ್ತರ ಕೆನರೆಯನ್ನು ಮದ್ರಾಸದಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು.

ಅಂದಿನಿಂದ ಕುಂದಾಪುರವು ಮದ್ರಾಸಕ್ಕೆ, ಭಟಕಳ ಹೊನ್ನಾವರಗಳು ಮುಂಬಯಿಗೆ. ಒಂದೇ ಕರಾವಳಿಯ ಮಕ್ಕಳು ಬೇರೆ ಬೇರೆ ಪಠ್ಯಪುಸ್ತಕಗಳನ್ನು ಓದಿದರು, ಬೇರೆ ಬೇರೆ ಕಚೇರಿಗಳಿಗೆ ಅಲೆದರು. ಇದು ೧೯೫೬ನೆಯ ನವೆಂಬರ ಒಂದರವರೆಗೂ ನಡೆಯಿತು. ಶಿರಸಿಯ ಅಡಿಕೆಯ ತೋಟಿಗನಿಗಾಗಲಿ, ಕುಂದಾಪುರದ ಬೆಸ್ತನಿಗಾಗಲಿ ಈ ವಿಷಯದಲ್ಲಿ ಮತವಿರಲಿಲ್ಲ. ಸಮುದ್ರದಾಚೆಯ ವ್ಯಾಪಾರಿಗಳಿಗೆ ಮೊಗಸಾಲೆಯಿತ್ತು. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಇದೇ ಹುಕುಮಿನಿಂದ ಕಾರವಾರ, ಧಾರವಾಡ, ಬೆಳಗಾವಿಗಳು ಒಂದೇ ಇಲಾಖೆಯಲ್ಲಿ ಕೂಡಿದವು. ಹತ್ತಿಯ ಮೂಟೆಯನ್ನು ಕಂಡವರು ಕನ್ನಡವನ್ನು ಕಾಣಲಿಲ್ಲ. ಕೂಡಿಸಿದ್ದೂ ಒಡೆದದ್ದೂ ಅವರ ಮನಸ್ಸಿನಲ್ಲಿರಲಿಲ್ಲ.

ಇಷ್ಟಾಗಿ ಲಾಭವೇನಾಯಿತು? ಅಮೇರಿಕೆಯ ಯುದ್ಧವು ೧೮೬೫ರಲ್ಲಿ ಮುಗಿಯಿತು, ಹತ್ತಿಯ ಬೆಲೆ ಇಳಿಯಿತು, ಮ್ಯಾಂಚೆಸ್ಟರಿನ ಆಸ್ಥೆಯೂ ಇಳಿಯಿತು. ಅವರು ಕಟ್ಟಿದ ಕಂಪನಿಯು ಬಾಗಿಲು ಮುಚ್ಚಿತು. ೧೮೮೦ರ ದಶಕದಲ್ಲಿ ರೈಲು ಬಂದಾಗ ಅದು ಹುಬ್ಬಳ್ಳಿಯಿಂದ ಕಾರವಾರಕ್ಕಿಳಿಯದೆ ಪೋರ್ತುಗೀಜರ ಮುರಗಾಂವಕ್ಕೆ ಇಳಿಯಿತು. ಇಪ್ಪತ್ತನೆಯ ಶತಮಾನವೇ ಮುಗಿದರೂ ಹುಬ್ಬಳ್ಳಿಯಿಂದ ಘಟ್ಟವಿಳಿದು ಅಂಕೋಲೆಗೆ ರೈಲು ಬರಲಿಲ್ಲ. ಮೊಗಸಾಲೆಯವನು ಹುಕುಮನ್ನು ಹೊರಡಿಸಬಲ್ಲನು. ತನ್ನ ಕೆಲಸ ತೀರಿದ ಮೇಲೆ ಆ ಹುಕುಮಿನ ಕೂಡ ಬಾಳಬೇಕಾದವರು ಬೇರೆ.

ಇನ್ನು ಜಕಾತಿಯ ಕಥೆ. ಇದು ಇನ್ನೂ ದೊಡ್ಡದು, ಐವತ್ತು ವರ್ಷ ನಡೆದದ್ದು.

೧೮೫೭ರ ದಂಗೆಯ ಖರ್ಚಿನಿಂದ ಖಜಾನೆ ಬರಿದಾದಾಗ ಹಿಂದುಸ್ಥಾನ ಸರಕಾರವು ಆಮದು ಮಾಲಿನ ಮೇಲೆ ಶೇಕಡಾ ೧೦ರ ಜಕಾತಿಯನ್ನು ಹಾಕಿತು. ಮ್ಯಾಂಚೆಸ್ಟರಿನವರು ಕೂಗಿದರು, ೧೮೬೨ರ ಹೊತ್ತಿಗೆ ಅರಿವೆಯ ಮೇಲಿನದು ಶೇಕಡಾ ೫ಕ್ಕೂ ನೂಲಿನ ಮೇಲಿನದು ಮೂರೂವರೆಗೂ ಇಳಿಯಿತು. ಇದರಲ್ಲಿ ಸರಕಾರದ ಹೇತು ಕೇವಲ ಉತ್ಪನ್ನ. ಆದರೆ ಅಷ್ಟರಲ್ಲಿ ಮುಂಬಯಿಯಲ್ಲಿ ನಮ್ಮವರ ಗಿರಣಿಗಳು ಎದ್ದಿದ್ದವು. ೧೮೭೪ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ವ್ಯಾಪಾರಿ ಮಂಡಳವು ಸ್ಟೇಟ್ ಸೆಕ್ರೆಟರಿಗೆ ಒಂದು ವಿಜ್ಞಾಪನೆಯನ್ನು ಕಳುಹಿತು: ಈ ಜಕಾತಿಯು ಹಿಂದುಸ್ಥಾನದ ಗಿರಣಿಗಳಿಗೆ ಸಂರಕ್ಷಣೆ ಕೊಡುತ್ತದೆ, ಬಡರೈತನ ಬಟ್ಟೆ ತುಟ್ಟಿಯಾಗುತ್ತದೆ, ಮುಕ್ತ ವ್ಯಾಪಾರದ ತತ್ತ್ವಕ್ಕೆ ಭಂಗ ಬರುತ್ತದೆ, ಇದನ್ನು ತೆಗೆಯಬೇಕು.

ಇಲ್ಲಿ ಗಮನಿಸಿರಿ. ‘ನಮ್ಮ ಲಾಭ ಕುಂದುತ್ತದೆ’ ಎಂಬುದಷ್ಟೇ ವಿಜ್ಞಾಪನೆಯಾಗಿರಲಿಲ್ಲ. ಅದರಲ್ಲಿ ತತ್ತ್ವವಿತ್ತು, ಹಿಂದುಸ್ಥಾನದ ಬಡವನ ಮೇಲಿನ ಕರುಣೆಯೂ ಇತ್ತು. ಮಂತ್ರಿಯು ಮೊದಲೇ ನಂಬಿದ ಸಿದ್ಧಾಂತವನ್ನು ತನ್ನ ಬೇಡಿಕೆಗೆ ಅಂಗಿಯಾಗಿ ತೊಡಿಸುವದು ಈ ವಿದ್ಯೆಯ ಮೊದಲ ಗುಟ್ಟು. ಆ ಕಾಲದ ಇಂಗ್ಲಿಷ ಮಂತ್ರಿಗಳಿಗೆ ಮುಕ್ತ ವ್ಯಾಪಾರವು ಮತವೇ ಆಗಿತ್ತು. ಅವರೆಲ್ಲ ಮ್ಯಾಂಚೆಸ್ಟರಿಗೆ ಮಾರಿಹೋದವರೆಂದು ಬರೆಯುವದು ಸುಲಭ, ಆದರೆ ಸರಿಯಲ್ಲ. ಹಲವರು ಮನಃಪೂರ್ವಕವಾಗಿ ನಂಬಿದ್ದರು. ಅವರ ನಂಬಿಗೆಯೂ ಅರಿವೆಯ ವ್ಯಾಪಾರವೂ ಒಂದೇ ದಾರಿಯಲ್ಲಿ ನಡೆಯುತ್ತಿದ್ದವೆಂಬುದೇ ಕಷ್ಟ.

ವ್ಹಾಯಿಸರಾಯ ನಾರ್ಥಬ್ರೂಕರು ಜಕಾತಿಯನ್ನು ಬಿಡಲೊಲ್ಲದೆ ಹೋದರು. ಅದರಿಂದ ವರ್ಷಕ್ಕೆ ಸುಮಾರು ೮ ಲಕ್ಷ ಪೌಂಡು ಬರುತ್ತಿತ್ತು. ಮೇಲಾಗಿ, ನಮ್ಮ ಗಿರಣಿಗಳು ಗಿಡ್ಡ ಎಳೆಯ ಹತ್ತಿಯಿಂದ ಒರಟು ನೂಲನ್ನು ತೆಗೆಯುತ್ತವೆ, ಲ್ಯಾಂಕಶಾಯರದ್ದು ಬಹುಮಟ್ಟಿಗೆ ನಯವಾದ ಮಾಲು, ಎಲ್ಲಿಯ ಪೈಪೋಟಿ ಎಂದು ಅವರ ವಾದ. ಶಿಕ್ಷಕ ಬಂಧುಗಳಿಗೆ ನೂಲಿನ ನಂಬರಿನ ಲೆಕ್ಕವನ್ನು ಹೇಳಿದರೆ ಮುಂದಿನ ಮಾತು ತಿಳಿದೀತು. ೮೪೦ ಗಜದ ಲಡಿ ಒಂದು ಪೌಂಡಿಗೆ ಎಷ್ಟು ತೂಗುವವೋ ಅದೇ ಆ ನೂಲಿನ ನಂಬರು. ೨೦ ನಂಬರು ಒರಟು, ೪೦ ನಂಬರು ನಯ. ಜಕಾತಿಯ ಯುದ್ಧವೆಲ್ಲ ನಡೆದದ್ದು ಈ ಅಂಕಿಗಳ ಮೇಲೆ.

೧೮೭೫ರ ಕಾಯಿದೆಯಲ್ಲಿ ನಾರ್ಥಬ್ರೂಕರು ಶೇಕಡಾ ೫ನ್ನು ಉಳಿಸಿದರು. ಸ್ಟೇಟ್ ಸೆಕ್ರೆಟರಿ ಸ್ಯಾಲಿಸ್‌ಬರಿಯವರಿಗೂ ಅವರಿಗೂ ಜಟಾಪಟಿಯಾಗಿ, ೧೮೭೬ರಲ್ಲಿ ಅವರು ಅಧಿಕಾರವನ್ನು ಬಿಟ್ಟು ಹೋದರು, ಲಿಟ್ಟನರು ಬಂದರು. ೧೮೭೭ರ ಜುಲೈಯಲ್ಲಿ ಕಾಮನ್ಸ್ ಸಭೆಯು, ಹಿಂದುಸ್ಥಾನದ ಹಣಕಾಸಿನ ಸ್ಥಿತಿ ಅನುಮತಿಸಿದ ಕೂಡಲೇ ಈ ಜಕಾತಿಯನ್ನು ತೆಗೆಯಬೇಕೆಂದು ಠರಾವು ಮಾಡಿತು. ಆ ಹೊತ್ತಿಗೆ ನಮ್ಮ ನಾಡಿನ ಸ್ಥಿತಿ ಹೇಗಿತ್ತು? ಅದು ೧೮೭೬-೭೮ರ ಮಹಾಕ್ಷಾಮದ ನಡುಭಾಗ. ಬಳ್ಳಾರಿ, ಮೈಸೂರು, ಧಾರವಾಡ, ಕಲಾದಗಿಗಳಲ್ಲಿ ಜನರು ದಾರಿಯಲ್ಲಿ ಬಿದ್ದು ಸಾಯುತ್ತಿದ್ದರು. ಕ್ಷಾಮದ ಬೆನ್ನಿಗೆ ಅಫಗಾನಿಸ್ಥಾನದ ಯುದ್ಧವೂ ಬಂದಿತು. ಹೀಗಿದ್ದರೂ ೧೮೭೯ರ ಮಾರ್ಚಿಯಲ್ಲಿ ಲಿಟ್ಟನರು ೩೦ ನಂಬರಿಗಿಂತ ನಯವಲ್ಲದ ಅರಿವೆಗೆ ಜಕಾತಿ ಮಾಫಿ ಮಾಡಿದರು. ತಮ್ಮ ಕೌನ್ಸಿಲಿನ ಬಹುಮತವು ವಿರುದ್ಧವಾಗಿದ್ದರೂ ಅದನ್ನು ತಳ್ಳಿಹಾಕಿ ಮಾಡಿದರು. ಒರಟು ಅರಿವೆಗೆ ಮಾಫಿಯಾದ ಮೇಲೆ ನಯದ್ದಕ್ಕೆ ಜಕಾತಿ ಏಕೆಂಬ ವಾದವು ತಾನಾಗಿಯೇ ಹುಟ್ಟಿತು. ೧೮೮೨ರಲ್ಲಿ ರಿಪ್ಪನರ ಕಾಲಕ್ಕೆ, ಉಪ್ಪು ಮದ್ಯ ಮೊದಲಾದ ಕೆಲವನ್ನುಳಿದು ಆಮದು ಜಕಾತಿಯೇ ಇಲ್ಲವಾಯಿತು. ರಿಪ್ಪನರನ್ನು ನಮ್ಮ ಹಿರಿಯರು ಹೊಗಳುತ್ತಿದ್ದರು, ಹೊಗಳತಕ್ಕದ್ದೂ ಇತ್ತು. ಆದರೆ ಈ ಕೆಲಸವು ಅವರ ಕಾಲದ್ದೇ.

ರೂಪಾಯಿಯ ಬೆಲೆ ಕುಸಿದು ೧೮೯೪ರಲ್ಲಿ ಖಜಾನೆ ಮತ್ತೆ ಬರಿದಾಯಿತು. ಸರಕಾರವು ಎಲ್ಲ ಆಮದಿಗೂ ಶೇಕಡಾ ೫ನ್ನು ಹಾಕಿ, ಹತ್ತಿಯ ಅರಿವೆಯೊಂದನ್ನೇ ಬಿಟ್ಟಿತು. ಈ ಒಂದು ಬಿಡುಗಡೆಯಲ್ಲಿಯೇ ಲ್ಯಾಂಕಶಾಯರದ ಬಲವೆಷ್ಟೆಂಬುದು ಕಾಣುವದು. ಕೂಗಾಟವಾಗಿ, ಡಿಸೆಂಬರದಲ್ಲಿ ಅರಿವೆಯ ಮೇಲೂ ಜಕಾತಿ ಬಂದಿತು. ಜೊತೆಗೆ ೨೦ ನಂಬರಿನ ಮೇಲಿನ ನಮ್ಮ ಗಿರಣಿ ನೂಲಿನ ಮೇಲೂ ಅಷ್ಟೇ ಸುಂಕವನ್ನು ಹೇರಲಾಯಿತು. ಅದೇ ತಿಂಗಳು ಮದ್ರಾಸದಲ್ಲಿ ಕೂಡಿದ ಕಾಂಗ್ರೆಸ್ಸು ಇದನ್ನು ಪ್ರತಿಭಟಿಸಿತು. ಲ್ಯಾಂಕಶಾಯರಕ್ಕೆ ಇಷ್ಟೂ ಸಾಲಲಿಲ್ಲ. ೧೮೯೫ರ ಫೆಬ್ರುವರಿಯಲ್ಲಿ ಸರ್ ಹೆನ್ರಿ ಜೇಮ್ಸರು ಕಾಮನ್ಸ್ ಸಭೆಯಲ್ಲಿ ವಿಷಯವನ್ನೆತ್ತಿದರು. ಸ್ಟೇಟ್ ಸೆಕ್ರೆಟರಿ ಫೌಲರರು, ಈ ಸಭೆಯ ಪ್ರತಿಯೊಬ್ಬನೂ ಹಿಂದುಸ್ಥಾನದ ಪ್ರತಿನಿಧಿಯೆಂಬ ಅರ್ಥದ ಮಾತನ್ನಾಡಿ ಸೂಚನೆಯನ್ನು ಸೋಲಿಸಿದರು. ಮಾತು ಚೆನ್ನಾಗಿತ್ತು. ಐದು ತಿಂಗಳಲ್ಲಿ ಚುನಾವಣೆ ಬಂದಿತು. ಲ್ಯಾಂಕಶಾಯರಕ್ಕೆ ಪಾರ್ಲಿಮೆಂಟಿನಲ್ಲಿ ಐವತ್ತಕ್ಕೂ ಮಿಕ್ಕ ಸ್ಥಾನಗಳು, ಹಿಂದುಸ್ಥಾನಕ್ಕೆ ಸೊನ್ನೆ. ಫೌಲರರ ಪಕ್ಷ ಸೋತಿತು. ಹೊಸ ಸ್ಟೇಟ್ ಸೆಕ್ರೆಟರಿ ಹ್ಯಾಮಿಲ್ಟನರ ಕಾಲದಲ್ಲಿ, ೧೮೯೬ರಲ್ಲಿ, ಆಮದು ನೂಲಿಗೆ ಪೂರ್ಣ ಮಾಫಿ, ಆಮದು ಅರಿವೆಗೆ ಮೂರೂವರೆ, ನಮ್ಮ ಗಿರಣಿಯ ಅರಿವೆಗೂ ಸರಿಸಮ ಮೂರೂವರೆ ಎಂದು ಕಾಯಿದೆಯಾಯಿತು. ಲ್ಯಾಂಕಶಾಯರದವರು ನೇಯದ ಒರಟು ಬಟ್ಟೆಯ ಮೇಲೂ ಈ ಸುಂಕ ಬಿದ್ದಿತು. ಅದನ್ನು ಉಡುವವನು ಯಾರೆಂಬುದನ್ನು ನಾವು ಹೇಳಬೇಕಾಗಿಲ್ಲ. ೧೮೭೪ರ ವಿಜ್ಞಾಪನೆಯ ಬಡರೈತನು ೧೮೯೬ರಲ್ಲಿ ಯಾರ ನೆನಪಿಗೂ ಬರಲಿಲ್ಲ. ಕೈಮಗ್ಗದ ನೇಕಾರನಿಗೆ ಸುಂಕವಿರಲಿಲ್ಲವೆಂಬುದನ್ನು ಮಾತ್ರ ನೆನೆಯಬೇಕು. ಆ ವರ್ಷ ಪುಣೆಯಲ್ಲಿ ಟಿಳಕರು ವಿಲಾಯತಿ ಬಟ್ಟೆಯ ಬಹಿಷ್ಕಾರವನ್ನು ಸಾರಿದರು.

ಈ ಸುಂಕವು ಮೂವತ್ತು ವರ್ಷ ನಿಂತಿತು. ಅದನ್ನು ಸಡಿಲಿಸಿದ್ದು ವಾದವಲ್ಲ, ಅವಶ್ಯಕತೆ. ೧೯೧೭ರಲ್ಲಿ ಮಹಾಯುದ್ಧಕ್ಕಾಗಿ ಹಿಂದುಸ್ಥಾನದಿಂದ ೧೦ ಕೋಟಿ ಪೌಂಡು ಪಡೆದ ಬ್ರಿಟಿಷ್ ಸರಕಾರವು, ಆಮದು ಜಕಾತಿಯನ್ನು ಏಳೂವರೆಗೇರಿಸಲು ಒಪ್ಪಲೇಬೇಕಾಯಿತು. ಲ್ಯಾಂಕಶಾಯರದವರ ಕೂಗು ಆಗ ಮೊದಲ ಬಾರಿ ವ್ಯರ್ಥವಾಯಿತು. ೧೯೨೧ರಲ್ಲಿ ಅವರ ಶಿಷ್ಟಮಂಡಳವು ಮಾಂಟೆಗ್ಯು ಅವರಲ್ಲಿಗೆ ಹೋಗಿ ಬರಿಗೈಯಿಂದ ಮರಳಿತು.

ಒಳಸುಂಕವು ಹೋದ ಬಗೆಯನ್ನೂ ಹೇಳಬೇಕು. ಮುಂಬಯಿಯ ಗಿರಣಿ ಮಾಲಿಕರು ೧೮೭೫ರಲ್ಲಿಯೇ ಸಂಘ ಕಟ್ಟಿದ್ದರು. ಅವರೂ ಮೊಗಸಾಲೆಯನ್ನು ಬಲ್ಲವರೇ. ೧೯೨೫ರಲ್ಲಿ ಅವರು ಕೂಲಿಯನ್ನು ಶೇಕಡಾ ಹನ್ನೊಂದೂವರೆ ಕಡಿದರು. ಕೂಲಿಕಾರರು ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಸುಂಕ ತೆಗೆದರೆ ಕೂಲಿ ಮರಳಿಸುವೆವೆಂಬುದು ಮಾಲಿಕರ ಮಾತು. ಡಿಸೆಂಬರದಲ್ಲಿ ಸರಕಾರವು ಸುಂಕವನ್ನು ತಡೆಹಿಡಿಯಿತು, ೧೯೨೬ರಲ್ಲಿ ರದ್ದುಪಡಿಸಿತು. ಉಪವಾಸವಿದ್ದವನೊಬ್ಬ, ಸುಂಕ ಉಳಿಸಿಕೊಂಡವನೊಬ್ಬ. ೧೯೩೩ರಲ್ಲಂತೂ ಅದೇ ಸಂಘದ ಮೋದಿಯವರು ಲ್ಯಾಂಕಶಾಯರದ ಕ್ಲೇರ್-ಲೀಸರ ಕೂಡ ಕುಳಿತು, ಬ್ರಿಟಿಷ್ ಮಾಲಿಗೆ ರಿಯಾಯತಿ ಕೊಡುವ ಒಪ್ಪಂದವನ್ನು ತಾವೇ ಮಾಡಿಕೊಂಡರು. ರಾಷ್ಟ್ರೀಯ ಪಕ್ಷದವರು ಸಿಟ್ಟಾದರು. ಸ್ವದೇಶಿಯ ಮೊಗಸಾಲೆಯೆಂದು ಅದು ದೇವರ ಮನೆಯಾಗಲಿಲ್ಲ.

ಇನ್ನೊಂದು ಸೂಕ್ಷ್ಮವುಂಟು. ನಮ್ಮಲ್ಲಿ ಏಳು ವರ್ಷದೊಳಗಿನ ಮಕ್ಕಳನ್ನು ಗಿರಣಿಯಲ್ಲಿ ದುಡಿಸಕೂಡದೆಂಬ ಮೊದಲ ಕಾಯಿದೆಯು ೧೮೮೧ರಲ್ಲಿ ಆಯಿತು. ಅದಕ್ಕೆ ಇಂಗ್ಲಂಡದಲ್ಲಿ ದನಿಯೆತ್ತಿದವರು ಕೂಲಿಕಾರರ ಮಿತ್ರರಾದ ಶಾಫ್ಟ್ಸ್‌ಬರಿಯವರು. ಆದರೆ ಆ ದನಿಗೆ ದನಿಗೂಡಿಸಿದ ಲ್ಯಾಂಕಶಾಯರದವರಿಗೆ ನಮ್ಮ ಗಿರಣಿಗಳ ಅಗ್ಗದ ದುಡಿತವೂ ಕಣ್ಣುಕಿಸುರಾಗಿತ್ತು. ಅದನ್ನು ತೋರಿಸಿ ನಮ್ಮ ಮಾಲಿಕರೂ ಹಲವು ಪತ್ರಿಕೆಗಳೂ ಕಾಯಿದೆಯನ್ನೇ ವಿರೋಧಿಸಿದವು. ಕೇಳಿದವನ ಸ್ವಾರ್ಥವನ್ನು ಕಂಡು ಕೇಳಿದ್ದನ್ನೇ ಅಲ್ಲಗಳೆದರೆ, ಆರು ವರ್ಷದ ಹುಡುಗನು ಕದಿರಿನ ಮುಂದೆಯೇ ನಿಲ್ಲಬೇಕಾಗುತ್ತಿತ್ತು. ಯಾರು ಕೇಳಿದರು, ಏನನ್ನು ಕೇಳಿದರು ಎಂಬ ಎರಡನ್ನೂ ಬೇರೆ ಬೇರೆಯಾಗಿ ತೂಗಬೇಕು.

ಈಗ ಸ್ವರಾಜ್ಯದ ಮಾತು. ಪಡಸಾಲೆಯಲ್ಲಿ ಕೂಲಿಗಾಗಿ ನಿಲ್ಲುವವರು ತಮ್ಮ ಹೆಸರನ್ನೂ ಖರ್ಚನ್ನೂ ಬರೆಯಿಸಬೇಕೆಂದು ಅಮೇರಿಕೆಯಲ್ಲಿ ೧೯೪೬ರಲ್ಲಿ ಕಾಯಿದೆಯಾಗಿ, ೧೯೯೫ರಲ್ಲಿ ಬಿಗಿಯಾಯಿತು. ಇಂಗ್ಲಂಡದಲ್ಲಿ ೨೦೧೪ರಲ್ಲಿ ಒಂದು ಕಾಯಿದೆಯಾಯಿತು. ಬರೆಯಿಸಿದ ಮಾತ್ರಕ್ಕೆ ಪ್ರಭಾವವು ಕುಗ್ಗಿತೆಂದಲ್ಲ. ಯಾರು ಯಾವ ಮಸೂದೆಗಾಗಿ ಎಷ್ಟು ಸುರಿದರೆಂಬುದನ್ನು ಶಾಲಾಮಾಸ್ತರನೂ ಓದಬಹುದು, ಅಷ್ಟು ಲಾಭ. ನಮ್ಮಲ್ಲಿ ಇಂಥ ಕಾಯಿದೆ ಇನ್ನೂ ಆಗಿಲ್ಲ. ಬದಲಾಗಿ ೨೦೧೮ರಿಂದ ಚುನಾವಣಾ ಬಾಂಡುಗಳೆಂಬ ಪದ್ಧತಿಯಲ್ಲಿ, ಕೊಟ್ಟವನ ಹೆಸರನ್ನು ಮತದಾರನಿಗೆ ತಿಳಿಸದೆ ಪಕ್ಷಗಳಿಗೆ ಹಣ ಹರಿಯಿತು. ಕಂಪನಿಗಳು ತಮ್ಮ ಲಾಭದ ಶೇಕಡಾ ಏಳೂವರೆಗಿಂತ ಹೆಚ್ಚು ಕೊಡಕೂಡದೆಂಬ ಮಿತಿಯನ್ನೂ ೨೦೧೭ರಲ್ಲಿಯೇ ತೆಗೆಯಲಾಗಿತ್ತು. ೨೦೨೪ರ ಫೆಬ್ರುವರಿ ೧೫ರಂದು ಸರ್ವೋಚ್ಚ ನ್ಯಾಯಾಲಯವು ಇವೆರಡನ್ನೂ ಹೊಡೆದುಹಾಕಿತು.

ಆದರೆ ಬಾಗಿಲೊಂದು ನಮಗೂ ತೆರೆದಿದೆ. ಯಾವದೇ ಮಸೂದೆಯ ಕರಡನ್ನು ಕನಿಷ್ಠ ೩೦ ದಿನ ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕೆಂದು ಕೇಂದ್ರ ಸರಕಾರವು ೨೦೧೪ರಲ್ಲಿ ಗೊತ್ತುಮಾಡಿತು. ಇದು ಕಾಯಿದೆಯಲ್ಲ, ಸರಕಾರವು ತನಗೆ ತಾನೇ ಹಾಕಿಕೊಂಡ ಕಟ್ಟು, ಮುರಿಯುವದೂ ಉಂಟು. ಕರಡು ಯಾವ ನುಡಿಯಲ್ಲಿರಬೇಕು? ೨೦೨೦ರಲ್ಲಿ ಪರಿಸರದ ಮೇಲಿನ ಪರಿಣಾಮವನ್ನು ಅಳೆಯುವ ನಿಯಮಗಳ ಹೊಸ ಕರಡು ಇಂಗ್ಲಿಷು ಹಿಂದಿಗಳಲ್ಲಿ ಹೊರಬಿದ್ದಿತು. ಗಣಿ, ಅಣೆಕಟ್ಟು, ಬಂದರಗಳ ಪಕ್ಕದಲ್ಲಿ ಬಾಳುವವರಿಗೆ ಸಂಬಂಧಿಸಿದ ವಿಷಯ. ದಿಲ್ಲಿಯ ಉಚ್ಚ ನ್ಯಾಯಾಲಯವು ಜೂನ್ ೩೦ರಂದು, ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ ಭಾಷೆಗಳಲ್ಲಿಯೂ ಅದನ್ನು ಪ್ರಕಟಿಸಬೇಕೆಂದು ಆಜ್ಞೆ ಮಾಡಿ ಗಡುವನ್ನು ಮುಂದೂಡಿತು. ಆಗಸ್ಟದಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ, ಅಂತಿಮ ಅಧಿಸೂಚನೆಯನ್ನು ಸದ್ಯಕ್ಕೆ ಹೊರಡಿಸಕೂಡದೆಂದು ತಡೆಯಿತು.

ಮ್ಯಾಂಚೆಸ್ಟರಿನ ವ್ಯಾಪಾರಿಗೆ ಸರಕಾರದ ಕಾಗದವು ಅವನ ನುಡಿಯಲ್ಲಿಯೇ, ಅವನ ಊರಿನ ವರ್ತಮಾನಪತ್ರದಲ್ಲಿಯೇ ಓದಲು ಸಿಗುತ್ತಿತ್ತು. ೧೮೬೨ರಲ್ಲಿ ಕಾರವಾರದವನಿಗೆ ಹುಕುಮಾದ ಮೇಲೆ ಸುದ್ದಿ ಬಂದಿತು. ಈ ಊರಿನ ವಾಚನಾಲಯದಲ್ಲಿ ಪ್ರತಿ ತಿಂಗಳು ಒಂದು ಸಂಜೆ ಕೂಡಿ, ದಿಲ್ಲಿ ಬೆಂಗಳೂರುಗಳಿಂದ ಹೊರಟ ಕರಡುಗಳಲ್ಲಿ ನಮ್ಮ ಜಿಲ್ಲೆಗೆ ತಗಲುವದನ್ನು ಕನ್ನಡದಲ್ಲಿ ಓದಿ ಹೇಳುವ ಕೆಲಸವನ್ನು ಇಬ್ಬರು ಮೂವರು ಶಿಕ್ಷಕರು ವಹಿಸಿಕೊಂಡರೆ, ಆಕ್ಷೇಪಗಳನ್ನು ಬರೆದು ಮೂವತ್ತು ದಿನದೊಳಗೆ ಅಂಚೆಗೆ ಹಾಕುವ ಭಾರವನ್ನು ನಾವು ಹೊರುತ್ತೇವೆ.